‘ಖಾಲಿ’ ಎಂದು ಬರೆದ ಮರದ ಚಕ್ಕೆ

ಖಾನಾಪುರದಿಂದ ಬೆಳಗಾವಿಯ ಪ್ರಯೋಗಾಲಯಕ್ಕೆ ಬಂದ ಮರದ ಪೆಟ್ಟಿಗೆಯಲ್ಲಿ ಕಲ್ಲಿನ ತುಂಡುಗಳು ಸಾಲಾಗಿ ಮಲಗಿದ್ದವು. ಮುಂಗೈಯಷ್ಟು ದಪ್ಪ, ದುಂಡಗೆ, ಮೈಮೇಲೆ ಕಪ್ಪು ಬಿಳಿ ಪಟ್ಟೆ. ನೆಲ ಕೊರೆದು ಇಡಿಯಾಗಿ ಎತ್ತಿದ ಗಟ್ಟಿ ಶಿಲೆ. ಭೂಮಿಯ ಆಳದ ಶಾಖದಿಂದ ವಿದ್ಯುತ್ ತೆಗೆಯಬೇಕಾದರೆ ಬಿಸಿ ಕಲ್ಲಿನೊಳಗೆ ನೀರು ಹಾಯಬೇಕು. ಹಾಯಲು ಬಿರುಕು ಬೇಕು. ಖಾನಾಪುರದ ಕಲ್ಲೇನೂ ಬಿಸಿಯಿಲ್ಲ. ಆದರೆ ಅದೇ ಬಗೆಯ ಗಟ್ಟಿ ಕಲ್ಲು ಒತ್ತಡಕ್ಕೆ ಹೇಗೆ ಬಾಯಿಬಿಡುತ್ತದೆ ಎಂಬುದೇ ನನ್ನ ಸಂಶೋಧನೆ.

ಎರಡು ತುಂಡುಗಳ ನಡುವೆ ಒಂದು ಮರದ ಚಕ್ಕೆಯಿತ್ತು. ಅದರ ಮೇಲೆ, ಕೊರೆಯುವ ಯಂತ್ರದ ಮೇಸ್ತ್ರಿಯ ಕೈಬರಹದಲ್ಲಿ, ‘ಖಾಲಿ’. ಕುಣಿಯುವುದೊಂದು ಬಾಕಿ. ಅಲ್ಲಿ ಕಲ್ಲೇ ಸಿಕ್ಕಿಲ್ಲ, ಅಂದರೆ ತೆರೆದ ಬಿರುಕು! ನೆನಪೂ ಒದಗಿ ಬಂತು: ಕೊರೆಯುವಾಗ ಯಂತ್ರದ ರಾಡು ದಡಕ್ಕನೆ ಗೇಣುದ್ದ ಕುಸಿದದ್ದು, ಕಾಲಡಿಯ ನೆಲ ಅದುರಿದ್ದು. ಪ್ರಬಂಧದ ಮೂರನೆಯ ಅಧ್ಯಾಯವನ್ನು ಅದರ ಮೇಲೆಯೇ ಕಟ್ಟಿದೆ. ಸೋಮವಾರ ಮಾರ್ಗದರ್ಶಕಿಗೆ ಒಪ್ಪಿಸಬೇಕಿತ್ತು.

ಶುಕ್ರವಾರ ಫೋಟೊ ತೆಗೆಯಲೆಂದು ಚಕ್ಕೆ ಸರಿಸಿ ಎರಡೂ ತುಂಡುಗಳನ್ನು ಹತ್ತಿರ ತಂದೆ. ಮುರಿದ ಮುಖಗಳು ಟಕ್ಕನೆ ಒಂದರೊಳಗೊಂದು ಕೂತವು. ಉಗುರು ತೂರುವಷ್ಟೂ ಸಂದಿಯಿಲ್ಲ. ನಡುವೆ ಗೇಣುದ್ದ ಟೊಳ್ಳು ಇದ್ದಿದ್ದರೆ ಹೀಗೆ ಕೂರುವುದುಂಟೆ? ಹಾಗಾದರೆ ಕುಸಿದ ರಾಡು?

ಶನಿವಾರ ಮೊದಲ ಬಸ್ಸಿಗೇ ಖಾನಾಪುರಕ್ಕೆ ಓಡಿದೆ. ಮೇಸ್ತ್ರಿ ಯಂತ್ರದ ನೆರಳಲ್ಲಿ ಚಹಾ ಕುಡಿಯುತ್ತಿದ್ದ.

“ಬರ್ರಿ ಸಾಹೇಬ್ರ, ಕುಂದರ್ರಿ. ಕಲ್ಲೆಲ್ಲಾ ಅರದು ಕುಡದ್ರೇನು?”

ಚಕ್ಕೆ ತೋರಿಸಿದೆ. “ಖಾಲಿ ಅಂತ ಯಾಕ ಬರದೀರಿ?”

“ಖಾಲಿ ಅಂದ್ರ ಖಾಲಿ.” ಬೆರಳನ್ನು ನೆಲದತ್ತ ಚುಚ್ಚಿದ. “ಬುಡಕ! ಪೆಟಗಿ ಯಾರರ ತಿರುವಿ ಇಟ್ರ, ಯಾವ ಬಾಜು ಕೆಳಗ ಅಂತ ತಿಳೀಬೇಕಲ್ರಿ?”

ಅವನ ಮನೆಮಾತು ಮರಾಠಿ, ಕಲಿತದ್ದು ಕನ್ನಡ ಶಾಲೆಯಲ್ಲಿ. ಅಕ್ಷರ ಕನ್ನಡದ್ದು, ಪದ ಮರಾಠಿಯದು: ಖಾಲಿ ಎಂದರೆ ಕೆಳಗೆ. ಬೆಳಗಾವಿಯ ಅನಗೋಳದ ಓಣಿಯಲ್ಲಿ ಮರಾಠಿ ಕೇಳುತ್ತಲೇ ಬೆಳೆದ ನನಗೆ ಹೊಳೆದಿರಲಿಲ್ಲ.

“ಅನಗೋಳದಾವ್ರು ಅಂತೀರಿ,” ಮೇಸ್ತ್ರಿ ನಕ್ಕ. “ಪಿಎಚ್‌ಡಿ ಮಾಡಾಕ ಹೋಗಿ ಇದ್ದ ಮರಾಠಿನೂ ಮರತ್ರೇನು?”

“ಆದ್ರ ಅವತ್ತ ರಾಡ್ ದಡಕ್ಕನ ಬಿತ್ತಲ್ಲ! ನಾನಽ ನೋಡೇನಿ.”

“ಯಾವ ರಾಡೂ ಬಿದ್ದಿಲ್ಲ. ಎಲ್ಲಿ ನೋಡಿದ್ರಿ? ಅವತ್ತ ನೀವು ಗೆಳ್ಯಾನ್ನ ರೈಲಿಗೆ ಹತ್ತಸಾಕ ಲೋಂಡಾಕ್ಕ ಹೋಗಿದ್ರಿ. ನಿಮ್ಮ ಊಟದ ಡಬ್ಬಿ ಇಲ್ಲೇ ಉಳದಿತ್ತು. ಖರೇ ಹೇಳ್ತೀನಿ, ನಾವಽ ತಿಂದ್ವಿ.”

ಮೊಬೈಲಿನಲ್ಲಿ ಆ ದಿನದ ಚಿತ್ರ ಹುಡುಕಿದೆ. ಲೋಂಡಾ ಪ್ಲಾಟ್‌ಫಾರ್ಮು. ಕಿಟಕಿಯಿಂದ ಕೈಬೀಸುವ ಗೆಳೆಯ. ಒಂದೇ ಒಂದು ಪದ ನನ್ನ ತಲೆಯಲ್ಲಿ ರಾಡು ಬೀಳಿಸಿತ್ತು, ಅಂಗಾಲಿಗೆ ಅದುರಾಟವನ್ನೂ ಕೊಟ್ಟಿತ್ತು. ಎಲ್ಲವನ್ನೂ ಅನುಮಾನಿಸುವ ನಾನು ಇದನ್ನು ಮಾತ್ರ ಪರೀಕ್ಷೆಯಿಲ್ಲದೆ ಒಪ್ಪಿಕೊಂಡಿದ್ದೆ.

ನಾಚಿಕೆಯಾಗಬೇಕಿತ್ತು. ಆದರೆ ವಾಪಸು ಬಸ್ಸಿನಲ್ಲಿ ಇನ್ನೊಂದು ಹೊಳೆದು ಕೂರಲಾಗಲಿಲ್ಲ. ಪ್ರಯೋಗಾಲಯಕ್ಕೆ ಹೋಗಿ ತುಂಡುಗಳನ್ನು ಮತ್ತೆ ಜೋಡಿಸಿದೆ. ಮೇಲಿನದರಲ್ಲಿ ಓರೆಯಾಗಿ ಇಳಿಯುವ ತೆಳು ಬಿಳಿ ಗೆರೆ, ಕೆಳಗಿನದರಲ್ಲೂ ಅಂಥದ್ದೇ. ನಡುವೆ ಟೊಳ್ಳಿದೆಯೆಂದು ನಂಬಿ ಎರಡು ಬೇರೆ ಬಿರುಕುಗಳೆಂದು ಬರೆದಿದ್ದೆ. ಅದು ಒಂದೇ! ಹಿಂದೆಂದೋ ನೀರು ಹಾದು, ಖನಿಜ ತುಂಬಿ ಮುಚ್ಚಿಕೊಂಡ ಒಂದೇ ಉದ್ದನೆಯ ಬಿರುಕು. ಅದನ್ನು ಮತ್ತೆ ತೆರೆಯಲು ಎಷ್ಟು ಒತ್ತಡ ಬೇಕು? ನಾನು ಕೇಳಬೇಕಿದ್ದ ಪ್ರಶ್ನೆಯೇ ಅದು.

ಮಾರ್ಗದರ್ಶಕಿಗೆ ಫೋನು ಮಾಡಿದೆ. “ಮೇಡಮ್, ಮೂರನೇ ಅಧ್ಯಾಯ ಹೋತ್ರಿ!”

“ಹೋದದ್ದಕ್ಕ ಇಷ್ಟ ಖುಷಿ ಏನ್ರಿ?”

ಹೇಳಿದೆ.

“ಸೋಮವಾರದ ತನಕಾ ಯಾಕ? ಈಗಽ ತರ್ರಿ.”

ಎರಡೂ ತುಂಡುಗಳನ್ನು ಟವೆಲಿನಲ್ಲಿ ಸುತ್ತಿ, ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಖಾಸಬಾಗದ ಅವರ ಮನೆಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ, ಬಿಳಿ ಗೆರೆಯ ಮೇಲೆ ಉಗುರು ಎಳೆದು, ಸೇರಿದ ಜಾಗದಲ್ಲಿ ನಿಲ್ಲಿಸಿದರು.

“ಇದನ್ನ ಒತ್ತಡದ ಪ್ರೆಸ್ಸಿಗೆ ಹಾಕಿ ಒಡೀಬ್ಯಾಡ್ರಿ,” ಅಂದರು. “ಮೊದಲ ಈ ಗೆರಿಯೊಳಗ ನೀರು ಬಿಟ್ಟು ನೋಡೂಣು.”