ಮನೆಯವರು ಹೇಳಿದ ಹಾಗೆ

ನಾನು ಇದುವರೆಗೆ ಕನ್ನಡದಲ್ಲಿ ಬರೆದಿರುವುದು ಪತ್ರಗಳನ್ನು ಮಾತ್ರ ಎಂಬುದನ್ನು ಮೊದಲಿಗೇ ಓದುಗರ ಗಮನಕ್ಕೆ ತರಬಯಸುತ್ತೇನೆ. ರಜೆ ಕೋರಿ ಬರೆದಿದ್ದೇನೆ, ಔಷಧ ತರಿಸಿಕೊಡುವಂತೆ ಕೋರಿ ಬರೆದಿದ್ದೇನೆ, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ಅಂಗಾಂಗ ಕಸಿ ಅನುಮತಿ ಸಮಿತಿಯ ಅವಗಾಹನೆಗಾಗಿ ಬರೆದಿದ್ದೇನೆ. ಪತ್ರದಲ್ಲಿ ವಿಷಯವನ್ನು ಮೇಲ್ಗಡೆಯೇ ನಮೂದಿಸಬೇಕು. ಅದರಂತೆ ಇಲ್ಲಿಯ ವಿಷಯ: ಅಣ್ಣಿಗೇರಿಯ ಒಬ್ಬ ಟೇಲರಿಗೆ ಅವರ ಅಕ್ಕನ ಮೂತ್ರಪಿಂಡ ದೊರೆಯುವುದು ನನ್ನ ಒಂದು ಸಲಹೆಯಿಂದಾಗಿ ನಿಂತುಹೋದದ್ದು, ಮತ್ತು ತದನಂತರದ ಸಂಗತಿಗಳು.

ನಾನು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯವಳು. ವೈದ್ಯಕೀಯ ಪದವಿಗಳೆರಡು ಮುಗಿದ ಮೇಲೆ ಮೂತ್ರಪಿಂಡದ ಕಾಯಿಲೆ ಮತ್ತು ಕಸಿಯಲ್ಲಿ ಮೂರು ವರ್ಷಗಳ ವಿಶೇಷ ತರಬೇತಿಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿದೆನು. ಸೇರುವಾಗ ಅಲ್ಲಿಯವರು ಈ ವಿಭಾಗವನ್ನೇ ಏಕೆ ಆರಿಸಿಕೊಂಡಿರಿ ಎಂದು ವಿಚಾರಿಸಿದರು. ಮನೆಯಲ್ಲಿ ಹಿರಿಯರು ಹೇಳಿದರು ಎಂದು ಉತ್ತರಿಸಿದೆನು. ಇಂಥದೊಂದು ವಿಭಾಗ ಇದೆಯೆಂಬುದೇ ನಮ್ಮ ಮನೆಯ ಹಿರಿಯರಾರಿಗೂ ತಿಳಿದಿರಲಿಲ್ಲ. ವಿಚಾರಿಸಿದವರು ಮೆಚ್ಚಿ ತಲೆಯಾಡಿಸಿದರು.

ಈ ತರಬೇತಿಯ ಬಗ್ಗೆ ಹೊರಗಿನವರಿಗೆ ದೊಡ್ಡ ಕಲ್ಪನೆಗಳಿವೆ. ವಾಸ್ತವದಲ್ಲಿ ಮೊದಲ ವರ್ಷ ಕಲಿಯುವುದು ಅಳತೆ. ಕುಡಿದ ನೀರು ಎಷ್ಟು, ಹೊರಬಂದ ಮೂತ್ರ ಎಷ್ಟು, ಏರಿದ ತೂಕ ಎಷ್ಟು. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕುಡಿಯಬಾರದೆಂದು ನಾವು ಹೇಳುತ್ತೇವೆ. ರೋಗಿಗಳು ಹೂನ್ರಿ ಎನ್ನುತ್ತಾರೆ. ತೂಕದ ಯಂತ್ರ ಬೇರೆ ಹೇಳುತ್ತದೆ. ಎರಡನೆಯ ವರ್ಷ ಅಳತೆಯ ಜೊತೆಗೆ ಕಾಗದಪತ್ರಗಳ ಜವಾಬ್ದಾರಿಯೂ ಸೇರುತ್ತದೆ. ದಾನಿ ಮತ್ತು ರೋಗಿಯ ಕಡತವನ್ನು ಸಿದ್ಧಪಡಿಸಿ, ಅವರನ್ನು ಸಮಿತಿಯ ಮುಂದೆ ಹಾಜರುಪಡಿಸುವುದು ಎರಡನೆಯ ವರ್ಷದವರ ಕೆಲಸ.

ಸದರಿ ಟೇಲರಿಗೆ ಆಗ ನಲವತ್ತು ವರ್ಷ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ವಾರಕ್ಕೆ ಎರಡು ಬಾರಿ ಅಣ್ಣಿಗೇರಿಯಿಂದ ರೈಲಿನಲ್ಲಿ ಡಯಾಲಿಸಿಸ್ಸಿಗೆ ಬರುವಾಗ ಅಳತೆಯ ಟೇಪು ಅವರ ಕೊರಳಲ್ಲಿಯೇ ಇರುತ್ತಿತ್ತು. ಕಾಲಿನ ಬಾವನ್ನು ನಾವು ಬೆರಳಿನಿಂದ ಒತ್ತಿ ನೋಡುವ ಮೊದಲೇ ಅವರು ವರದಿ ಒಪ್ಪಿಸುತ್ತಿದ್ದರು.

"ಎಡಗಾಲು ಅರ್ಧ ಇಂಚ ಏರೈತ್ರಿ ಬಾಯಾರ. ಬಲಗಾಲು ಕಾಲು ಇಂಚ."

"ನೀರು ಎಷ್ಟು ಕುಡದ್ರಿ?"

"ಇಂಚಿನ್ಯಾಗ ಹೇಳಲೇನ್ರಿ?"

ಡಯಾಲಿಸಿಸ್ಸಿಗೆ ಕೈಯ ರಕ್ತನಾಳಗಳೆರಡನ್ನು ಜೋಡಿಸಿ ಒಂದು ಜಾಗ ಮಾಡಿರುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುರ್ರೆಂದು ಹರಿಯುವುದು ತಿಳಿಯುತ್ತದೆ. ಅವರ ಎಡಗೈಯಲ್ಲಿ ಮಾಡಿದ್ದು ಒಂದು ವರ್ಷಕ್ಕೆ ಮುಚ್ಚಿಹೋಗಿತ್ತು. ಎರಡನೆಯದನ್ನು ಬಲಗೈಯಲ್ಲಿ ಮಾಡಲಾಗಿತ್ತು. ಬಲಗೈ ಕತ್ತರಿ ಹಿಡಿಯುವ ಕೈ. ದಿನವೂ ಅವರು ಆ ಕೈಯನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು, "ಮಷೀನು ಓಡಾಕತ್ತೈತ್ರಿ" ಎನ್ನುತ್ತಿದ್ದರು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಷೀನಿನ ಸದ್ದು ಕಡಿಮೆಯಾಗತೊಡಗಿತು. ಅದು ನಿಂತರೆ ಮುಂದೆ ಕುತ್ತಿಗೆಯಲ್ಲಿ ನಳಿಕೆ ಇಡಬೇಕು, ಅದರಿಂದ ಸೋಂಕು ತಗಲುವ ಭಯ. ಆದ್ದರಿಂದ ಕಸಿ ಆದಷ್ಟು ಬೇಗ ಆಗಬೇಕಿತ್ತು.

ಕೊಡಲು ಮುಂದೆ ಬಂದವರು ಅವರ ಅಕ್ಕ. ಗುಡಗೇರಿಗೆ ಮದುವೆಯಾಗಿ ಹೋದವರು, ಹೊಲಮನೆ ಮಾಡಿಕೊಂಡಿದ್ದವರು. ಗಟ್ಟಿಮುಟ್ಟಾದ ಹೆಂಗಸು, ಮಾತು ಕಡಿಮೆ. ದಾನಿಯ ತಪಾಸಣೆಗಳಲ್ಲಿ ಒಂದೆಂದರೆ ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಕೂಡಿಸಿ ತರುವುದು. ಅವರು ಅದನ್ನು ಸಂತೆಯ ಚೀಲದಲ್ಲಿಟ್ಟುಕೊಂಡು ಬೆಳಗಿನ ರೈಲಿಗೆ ಬಂದರು.

"ಬಾಜು ಕುಂತಾಕಿ ಕೇಳಿದಳ್ರಿ, ಕುಸುಬಿ ಎಣ್ಣಿ ಏನು ಅಂತ," ಎಂದರು ಕ್ಯಾನನ್ನು ನನ್ನ ಮೇಜಿನ ಮೇಲಿಡುತ್ತ.

"ನೀವು ಏನಂದ್ರಿ?"

"ಹೂನ್ರಿ, ಮನೀದು ಅಂದೆ. ಅರ್ಧ ಲೀಟರ ಕೊಡ್ತೀರೇನು ಅಂದಳು. ಹುಬ್ಬಳ್ಳ್ಯಾಗ ಡಾಕ್ಟರಬಾಯಾರಿಗೆ ಹೇಳಿದ್ದೈತಿ ಅಂದೆ."

ತಪಾಸಣೆಗಳೆಲ್ಲ ಸರಿಬಂದವು. ರಕ್ತದ ಗುಂಪು ಕೂಡಿತು. ಉಳಿದದ್ದು ಸಮಿತಿ. ದಾನಿ ತನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಡವೂ ಇಲ್ಲದೆ ಕೊಡುತ್ತಿದ್ದಾರೆಯೇ ಎಂಬುದನ್ನು ಸಮಿತಿಯವರು ಖುದ್ದಾಗಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ದಾನಿ ಮದುವೆಯಾದ ಹೆಂಗಸಾಗಿದ್ದರೆ ಈ ವಿಚಾರಣೆ ಇನ್ನಷ್ಟು ಬಿಗಿಯಾಗಿರುತ್ತದೆ. ಇದು ಒಳ್ಳೆಯ ನಿಯಮ, ನನ್ನ ಸಹಮತಿ ಇದೆ.

ವಿಚಾರಣೆಯ ಕೋಣೆಯ ಹೊರಗೆ ಬಾಕಿನ ಮೇಲೆ ಅಕ್ಕ ಕುಳಿತಿದ್ದರು. ಪಕ್ಕದಲ್ಲಿ ಅವರ ಯಜಮಾನರು ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹೋಗಿ ಬಾಗಿಲು ತೆರೆಯುವ ಮುನ್ನ ನಾನು ನನ್ನ ಕರ್ತವ್ಯವೆಂದು ತಿಳಿದು ಒಂದು ಮಾತು ಹೇಳಿದೆನು.

"ಅಕ್ಕಾರ, ಒಳಗ ದೊಡ್ಡ ಮಂದಿ ಇರ್ತಾರ. ಮರ್ಯಾದಿಲೆ ಮಾತಾಡ್ರಿ, ಅಷ್ಟ."

"ಹೂನ್ರಿ," ಎಂದು ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

ಸಮಿತಿಯ ಅಧ್ಯಕ್ಷರು ಮೈಸೂರು ಕಡೆಯ ಹಿರಿಯ ಶಸ್ತ್ರವೈದ್ಯರು. ಸೌಮ್ಯ ಸ್ವಭಾವದವರು.

"ನೋಡಮ್ಮ, ತಮ್ಮನಿಗೆ ಮೂತ್ರಪಿಂಡ ಕೊಡಬೇಕೆನ್ನುವುದು ನಿಮ್ಮ ಸ್ವಂತ ಇಚ್ಛೆಯೇ?"

"ನಂದೇನೈತ್ರಿ ಸಾಹೇಬ್ರ. ಮನಿಯವರು ಹೇಳಿದ್ಹಂಗ."

"ಮನೆಯವರು ಹೇಳಿದ್ದಕ್ಕೆ ಕೊಡುತ್ತಿದ್ದೀರಾ?"

"ಅವರ ಮಾತು ಮೀರೂದ ಹೆಂಗ್ರಿ."

"ನಿಮಗೆ ಬೇಡವೆನ್ನಿಸಿದರೆ ಈಗಲೂ ಹೇಳಬಹುದು. ಯಾರೂ ಏನೂ ಅನ್ನುವುದಿಲ್ಲ."

"ನಾ ಏನ ಹೇಳೂದೈತ್ರಿ. ನೀವೆಲ್ಲಾ ದೊಡ್ಡವರು, ನೀವು ಹೇಳಿದ್ಹಂಗ."

ಮೂರು ಉತ್ತರಗಳಿಗೆ ಹತ್ತು ನಿಮಿಷವೂ ಆಗಲಿಲ್ಲ. ಮರ್ಯಾದೆಯಲ್ಲಿ ಎಲ್ಲಿಯೂ ಲೋಪ ಇರಲಿಲ್ಲ. ಸಂಜೆಗೆ ಕಡತ ನನ್ನ ಮೇಜಿಗೆ ಹಿಂದಿರುಗಿತು. ಅದರಲ್ಲಿ ಹೀಗೆ ಬರೆದಿತ್ತು: ದಾನಿಯ ಸ್ವಂತ ಇಚ್ಛೆ ಮನವರಿಕೆಯಾಗಿರುವುದಿಲ್ಲ. ಪತಿಯ ಒತ್ತಡದ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಒಂದು ತಿಂಗಳ ನಂತರ ಪುನಃ ಹಾಜರುಪಡಿಸುವುದು. ಆಗಲೂ ಮನವರಿಕೆಯಾಗದಿದ್ದಲ್ಲಿ ಕಡತವನ್ನು ಮುಕ್ತಾಯಗೊಳಿಸುವುದು.

ನಾನು ಇದನ್ನು ಟೇಲರಿಗೆ ತಿಳಿಸಿದೆನು. ಅವರು ಬಲಗೈಯನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿದರು.

"ಒಂದ ತಿಂಗಳೇನ್ರಿ," ಎಂದರು. "ಇದಕ್ಕೂ ಒಂದ ಮಾತ ಹೇಳಿ ನೋಡ್ರಿ, ನಿಮ್ಮ ಮಾತ ಕೇಳಿದ್ರ ಕೇಳೀತು."

ನಾನು ಪ್ರಾಧ್ಯಾಪಕರ ಬಳಿ ಹೋಗಿ, ದಾನಿಗೆ ಸರಿಯಾಗಿ ಮಾತನಾಡಲು ತಿಳಿಸಿಕೊಡಬಹುದೇ ಎಂದು ಕೇಳಿದೆನು. ಅವರು ಧಾರವಾಡದವರು, ಮಾತನ್ನು ಸುತ್ತಿಬಳಸಿ ಆಡುವವರಲ್ಲ.

"ಆಕಿಗೆ ಉತ್ತರಾ ಕಲಿಸಿದ್ರ ಅದು ಆಕಿ ಇಚ್ಛಾ ಅಲ್ಲ, ನಿಂದು. ನಿನ್ನ ಕಿಡ್ನಿ ಏನ ಕೊಡಾಕಿ ಇದ್ದೀಯೇನ?"

"ಇಲ್ಲ ಸರ್."

"ಹಂಗಾರ ಸುಮ್ಮನಿರು. ಮದಲ ಏನಾರ ಹೇಳಿದ್ದೆಯೇನು?"

ಮರ್ಯಾದೆಯ ವಿಷಯವನ್ನು ಒಪ್ಪಿಸಿದೆನು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಹಾಕಿಕೊಂಡರು. ನಮ್ಮ ವಿಭಾಗದಲ್ಲಿ ಇದಕ್ಕಿಂತ ಕಠಿಣವಾದ ಛೀಮಾರಿ ಇಲ್ಲ.

ಆ ಭಾನುವಾರ ಬಮ್ಮಿಗಟ್ಟಿಗೆ ಹೋದೆನು. ಅವ್ವ ಜೋಳ ಹಸನು ಮಾಡುತ್ತಿದ್ದಳು, ಅಪ್ಪ ಪತ್ರಿಕೆ ಓದುತ್ತಿದ್ದರು. ಊರು, ಮನೆತನ ಯಾವುದನ್ನೂ ಹೇಳದೆ ಸಂಗತಿಯನ್ನಷ್ಟೇ ಹೇಳಿದೆನು. ಸಮಿತಿಯವರು ಆ ಹೆಂಗಸನ್ನು ಗಂಡನೇ ಒತ್ತಾಯಿಸಿದ್ದಾನೆಂದು ತಿಳಿದಿದ್ದಾರೆ ಎಂದೆನು.

"ಆಕಿ ಮತ್ತೇನ ಅನಬೇಕಿತ್ತ?" ಎಂದಳು ಅವ್ವ. "ನಂದ ಮಾತ ನಡೀತದ ನಮ್ಮನ್ಯಾಗ ಅಂತ ಮಂದಿ ಮುಂದ ಹೇಳಬೇಕಿತ್ತೇನು? ಗಂಡನ ಮಾರಿ ಎಲ್ಲಿ ಇಡೂದು?"

"ಕೇಳಿದ್ದಕ್ಕ ಸರಳ ಉತ್ತರಾ ಹೇಳಬಹುದಿತ್ತಲ್ಲಬೇ."

"ನಿನ್ನ ಡಾಕ್ಟರಕಿ ಯಾರ ಕಲಿಸಿದ್ರು?"

"ಅಪ್ಪಾರು. ನೀನ ಹೇಳ್ತೀಯಲ್ಲ ಎಲ್ಲಾರ ಮುಂದ. ಅವರು ಕಲಿಸ್ತೀನಿ ಅಂದ್ರು, ಕಲಿಸಿದ್ರು ಅಂತ."

"ಅದು ಕಡೀಕ ಅಂದದ್ದು. ಮದಲ ಏನ ಅಂದಿದ್ರು, ಕೇಳು."

ನಾನು ಅಪ್ಪನ ಕಡೆ ನೋಡಿದೆನು. ಅಪ್ಪ ಪತ್ರಿಕೆಯ ಪುಟ ತಿರುವಿದರು. ಅದು ಜಾಹೀರಾತಿನ ಪುಟವಾಗಿತ್ತು. ಅದನ್ನು ಬಹಳ ಹೊತ್ತು ಓದಿದರು.

ಮರಳಿ ಬರುವ ಬಸ್ಸಿನಲ್ಲಿಯೇ ಪತ್ರದ ಕರಡನ್ನು ಬರೆದೆನು. ವಿಷಯ: ದಾನಿಗೆ ಪ್ರಶ್ನೆ ಕೇಳುವ ಕ್ರಮದ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಮ್ರವಾಗಿ ತಿಳಿಸುವುದೇನೆಂದರೆ, ಈ ಭಾಗದಲ್ಲಿ ಮದುವೆಯಾದ ಹೆಂಗಸರು ತಾವು ತೆಗೆದುಕೊಂಡ ನಿರ್ಣಯವನ್ನು ಹೊರಗಿನವರ ಎದುರು ಮನೆಯವರ ಹೆಸರಿನಲ್ಲಿ ಹೇಳುವ ರೂಢಿಯಿದೆ. ಆದಕಾರಣ ಇಚ್ಛೆ ಯಾರದು ಎಂದು ಕೇಳಿದಲ್ಲಿ ಉತ್ತರ ಎಲ್ಲರದೂ ಒಂದೇ ಇರುತ್ತದೆ. ಒತ್ತಡ ಇದ್ದವರದು ಮತ್ತು ಇಲ್ಲದವರದು ಬೇರೆಬೇರೆಯೆಂದು ತಿಳಿಯುವುದಿಲ್ಲ. ಅದರ ಬದಲು, ಪತಿಯನ್ನು ಹೊರಗೆ ಕೂಡ್ರಿಸಿ, ಅವರು ಮೊಟ್ಟಮೊದಲು ಏನೆಂದರು ಎಂದು ಕೇಳಬಹುದಾಗಿದೆ. ಉತ್ತರ ಏನು ಬರುವುದೆಂದು ನನಗೆ ತಿಳಿದಿರುವುದಿಲ್ಲ. ಕಳೆದ ಬಾರಿ ದಾನಿಗೆ ನಾನು ನೀಡಿದ ಸಲಹೆಯೂ ಈ ಗೊಂದಲಕ್ಕೆ ಕಾರಣವಾಗಿದ್ದು, ಅದಕ್ಕಾಗಿ ವಿಷಾದಿಸುತ್ತೇನೆ.

ಉತ್ತರ ತಿಳಿದಿಲ್ಲವೆಂದು ಬರೆದದ್ದು ಔಪಚಾರಿಕತೆಯಲ್ಲ. ಆ ಗಂಡ ಮೊದಲ ದಿನವೇ ಕೊಡು ಎಂದು ಗದರಿಸಿದ್ದರೆ ಕಡತ ಮುಚ್ಚುತ್ತಿತ್ತು, ಮುಚ್ಚುವುದೇ ನ್ಯಾಯವಾಗಿತ್ತು. ಪ್ರಾಧ್ಯಾಪಕರು ಎರಡು ಬಾರಿ ಓದಿ ಸಹಿ ಮಾಡಿದರು. ಮೊದಲು ಹೇಳಿದ ಸಲಹೆಯನ್ನು ಹಿಂಪಡೆಯಬಹುದೇ ಎಂದು ಕೇಳಿದೆನು. "ಅದೊಂದು ಮಾಡು" ಎಂದರು.

ಒಂದು ತಿಂಗಳ ನಂತರ ಅದೇ ಬಾಕಿನ ಬಳಿ ನಿಂತು ದಾನಿಗೆ ತಿಳಿಸಿದೆನು:

"ಅಕ್ಕಾರ, ಅವತ್ತ ಮರ್ಯಾದಿಲೆ ಮಾತಾಡ್ರಿ ಅಂದಿದ್ದೆ. ಅದನ್ನ ವಾಪಸ್ ತಗೊಂಡೀನ್ರಿ."

ಅವರು ನನ್ನನ್ನು ಮೇಲೆ ಕೆಳಗೆ ನೋಡಿದರು. "ಹಂಗಾರ ಬೈದಾಡಲೇನ್ರಿ?"

"ಬ್ಯಾಡ್ರಿ. ಕೇಳಿದ್ದಕ್ಕ ಹೇಳ್ರಿ."

ಯಜಮಾನರು ಹೊರಗೆ ಉಳಿದರು. ಅಧ್ಯಕ್ಷರು ಪತ್ರವನ್ನು ಎದುರಿಗಿಟ್ಟುಕೊಂಡಿದ್ದರು. ಆದರೆ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಸಮಿತಿಯ ಸದಸ್ಯೆ, ನವಲಗುಂದ ಕಡೆಯವರು, ಸರಕಾರಿ ಕೆಲಸದಿಂದ ನಿವೃತ್ತರಾದವರು, ಕುರ್ಚಿಯನ್ನು ಮುಂದೆ ಎಳೆದುಕೊಂಡು ಕೇಳಿದರು.

"ತಮ್ಮಗ ಕೊಡೂ ಮಾತು ಮನ್ಯಾಗ ಬಂದಾಗ ನಿಮ್ಮ ಮನಿಯವರು ಮದಲ ಏನ ಅಂದ್ರವಾ?"

"ಬ್ಯಾಡ ಅಂದ್ರ್ರಿ."

"ಯಾವಾಗ?"

"ಹೊಲದಾಗ ಹೆಸರಕಾಳ ಬಿತ್ತು ಮುಂದ. ಹೊಟ್ಟಿ ಕೊಯ್ಸಿಕೊಂಡ ಬಂದ್ರ ಮನೀ ಯಾರ ನೋಡ್ತಾರ ಅಂದ್ರು."

"ಮತ್ತ ಹೂಂ ಯಾವಾಗ ಅಂದ್ರು?"

"ಹೆಸರ ಬಿಡಸು ಮುಂದ."

"ನಡುವ ಏನ ಮಾಡಿದಿ?"

"ಏನ ಮಾಡಿಲ್ರಿ. ಮಾತ ಬಿಟ್ಟೆ. ರೊಟ್ಟಿ ಬಿಟ್ಟಿದ್ದಿಲ್ರಿ, ಹೊತ್ತಿಗೆ ಸರಿಯಾಗಿ ಬಿಸಿ ಬಿಸಿ ಹಾಕತಿದ್ದೆ. ಮಾತ ಅಷ್ಟ ಬಿಟ್ಟಿದ್ದೆ."

ಅಕ್ಕ ತಾವಾಗಿಯೇ ಮುಂದುವರಿಸಿದರು.

"ಅಂವ ನನ್ನ ಬಗಲಾಗ ಬೆಳದಾಂವ್ರಿ. ಅವ್ವ ಹೊಲಕ್ಕ ಹೋಗು ಮುಂದ ನನ್ನ ಕೈಯಾಗ ಕೊಟ್ಟ ಹೋಗತಿದ್ಲು. ಎರಡ ಅದಾವು ನನಗ, ಒಂದ ಕೊಡಾಕ ಯಾರ್ನ ಕೇಳಬೇಕ್ರಿ? ಆದ್ರ ಮನಿಯವರು ಹೂಂ ಅಂದ ಮ್ಯಾಲ ಅವರ ಹೆಸರ ಹೇಳೂದ ಪದ್ಧತಿ ಅಲ್ರಿ?"

"ಪದ್ಧತಿನ," ಎಂದರು ಸದಸ್ಯೆ, ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತ.

ಅನಂತರ ಯಜಮಾನರನ್ನು ಒಳಗೆ ಕರೆದು, ಹೆಂಡತಿ ಮಾತು ಬಿಟ್ಟಿದ್ದು ನಿಜವೇ ಎಂದು ಅಧ್ಯಕ್ಷರು ವಿಚಾರಿಸಿದರು.

"ಖರೇನ್ರಿ ಸಾಹೇಬ್ರ. ಮೂರ ತಿಂಗಳು. ಎಮ್ಮಿ ಜೋಡಿ ಮಾತಾಡತಿದ್ಲು, ನನ್ನ ಜೋಡಿ ಇಲ್ಲ. ಮಳಿ ಬರೂ ಹಂಗೈತಿ ಅಂತ ಸೈತ ಎಮ್ಮಿಗೇ ಹೇಳತಿದ್ಲು."

ಪತಿಯ ಒಪ್ಪಿಗೆಯು ಒತ್ತಡದಿಂದ ಬಂದದ್ದೇ ಎಂಬುದನ್ನು ಪರಿಶೀಲಿಸಲು ನಿಯಮಗಳಲ್ಲಿ ಅವಕಾಶವಿಲ್ಲವೆಂದು ಅಧ್ಯಕ್ಷರು ಅಭಿಪ್ರಾಯಪಟ್ಟರು. ಅನುಮತಿ ದೊರೆಯಿತು.

ಕಸಿ ನಡೆದ ದಿನ ನನ್ನ ಕೆಲಸ ಮತ್ತೆ ಅಳತೆಯೇ ಆಗಿತ್ತು. ಹೊಸ ಮೂತ್ರಪಿಂಡ ತಾಸಿಗೆ ಎಷ್ಟು ಮೂತ್ರ ಕೊಡುತ್ತದೆಯೋ ಅದನ್ನು ಅಳೆದು, ಅದಕ್ಕೆ ಸರಿಯಾಗಿ ನೀರನ್ನು ರಕ್ತನಾಳದ ಮೂಲಕ ಕೊಡಬೇಕು. ಮಧ್ಯಾಹ್ನದ ಹೊತ್ತಿಗೆ ಮೂತ್ರದ ಚೀಲ ತುಂಬತೊಡಗಿತು. ನಾನು ಮೂರು ಸಲ ಅಳೆದು ಮೂರು ಸಲವೂ ಅದೇ ಬಂದಾಗ ಮಾತ್ರ ಬರೆದುಕೊಂಡೆನು. ಅಂಕಿಗಳು ಓರೆಯಾಗಿವೆ, ಕಡತದಲ್ಲಿ ಈಗಲೂ ನೋಡಬಹುದು.

ಮೂರನೆಯ ದಿನ ಅಕ್ಕ ಮೆಲ್ಲಗೆ ನಡೆದುಕೊಂಡು ಬಂದು ಗಾಜಿನ ಆಚೆ ನಿಂತರು. ಟೇಲರು ಮಲಗಿದ್ದಲ್ಲಿಯೇ ಮೂತ್ರದ ಚೀಲವನ್ನು ಬೆರಳಿನಿಂದ ತೋರಿಸಿದರು. ಅಕ್ಕ ಅದನ್ನು ದಿಟ್ಟಿಸಿ ನೋಡಿ ನನಗೆ ಹೇಳಿದರು:

"ಕುಸುಬಿ ಎಣ್ಣಿ ಛಲೋ ಬಂದೈತ್ರಿ ಬಾಯಾರ."

ಐದನೆಯ ದಿನ ಅಕ್ಕನ ಬಿಡುಗಡೆ. ನಾನು ಸೂಚನೆಗಳನ್ನು ಓದಿ ಹೇಳಿದೆನು: ನೀರು ಚೆನ್ನಾಗಿ ಕುಡಿಯಬೇಕು, ನೋವಿನ ಗುಳಿಗೆಗಳನ್ನು ಕೇಳದೆ ನುಂಗಬಾರದು, ಆರು ವಾರ ಭಾರ ಎತ್ತಬಾರದು. ಯಜಮಾನರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈಮುಗಿದರು.

"ನಂದೇನೈತ್ರಿ. ನೀವು ಹೇಳಿದ್ಹಂಗ."

ನಾನು ಪೆನ್ನನ್ನು ಕೆಳಗಿಟ್ಟೆನು.

"ಅಕ್ಕಾರ, ಮೆಣಸಿನಕಾಯಿ ಬಿಡಸೂದು ಯಾವಾಗ ಐತಿ?"

ಅವರು ಯಜಮಾನರ ಕಡೆ ನೋಡಿದರು. ಯಜಮಾನರು ಗೋಡೆಯ ಕಡೆ ನೋಡಿದರು.

"ಇನ್ನ ನಾಕ ವಾರಕ್ಕ ಸುರು ಆಕ್ಕೈತ್ರಿ. ಮುಂದ ಒಂದ ತಿಂಗಳ ನಡೀತೈತಿ."

ಆರು ವಾರ ಎಂದಿದ್ದುದನ್ನು ಹೊಡೆದುಹಾಕಿ ಎಂಟು ವಾರ ಎಂದು ಬರೆದು, ತಿದ್ದುಪಡಿಯ ಪಕ್ಕದಲ್ಲಿ ಸಹಿ ಮಾಡಿದೆನು.