ಸಿಟ್ಟು ಬಾರದ ಸೋದರಳಿಯ

ನನ್ನ ಅಕ್ಕನ ಹೊಲಿಗೆಯ ಡಬ್ಬಿಯಲ್ಲಿ ಹಳದಿ ಬಣ್ಣದ ಒಂದು ಟೇಪಿದೆ. ವಿಲಾಯತಿಯಲ್ಲಿ ಅಕ್ಕ ನೆಲೆಸಿರುವ ಪಿನ್ನರಿನ ಕನ್ನಡ ಹೆಂಗಸರ ಕುಪ್ಪಸದ ಅಳತೆಗಳನ್ನೆಲ್ಲ ಬಲ್ಲ, ಆದರೂ ಯಾರಿಗೂ ಬಾಯಿಬಿಡದ ಸಂಭಾವಿತ ಟೇಪು ಅದು. ಕಳೆದ ಚಳಿಗಾಲದ ಒಂದು ಶನಿವಾರ ಅದು ಅಕ್ಕನ ಮಗ ಗಿರೀಶನ ತೋಳನ್ನು ಭುಜದಿಂದ ಬೆರಳ ತುದಿಯವರೆಗೆ ಅಳೆದು, ಅರ್ಧ ಇಂಚು ಕಡಿಮೆ ಬಿತ್ತೆಂದು ತೀರ್ಪು ಕೊಟ್ಟಿತು. ಟೇಪು ಹಿಡಿದವನು ದರ್ಜಿಯಲ್ಲ, ಅಮೆರಿಕದಿಂದ ಬಂದಿದ್ದ ಆಟದ ಪರೀಕ್ಷಕ.

ಅಮೆರಿಕದವರು ಫುಟ್‌ಬಾಲ್ ಎಂದು ಹೆಸರಿಟ್ಟು ಕೈಯಲ್ಲಿ ಆಡುವ ಆಟವೊಂದಿದೆಯಲ್ಲ, ಗಿರೀಶ ಅಲ್ಲಿಯ ಕಾಲೇಜಿನಲ್ಲಿ ಅದನ್ನು ಆಡಿದವನು. ಆಡಿದವನು ಎಂದೆನಾದರೂ, ಅವನು ಚೆಂಡನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಚೆಂಡೆಸೆಯುವವನ ಮುಂದೆ ಗೋಡೆಯಂತೆ ನಿಲ್ಲುವ ಐವರು ದಾಂಡಿಗರಲ್ಲಿ ಅವನೊಬ್ಬ. ನುಗ್ಗಿ ಬಂದವರನ್ನು ತಡೆದು ಕೆಡವುವುದಷ್ಟೇ ಅವನ ಕಸುಬು. ಪ್ರತಿ ವಸಂತದಲ್ಲೂ ಅಲ್ಲಿಯ ದೊಡ್ಡ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಡ್ರಾಫ್ಟ್ ಎನ್ನುವ ಆ ಸ್ವಯಂವರದಲ್ಲಿ ತನ್ನ ಹೆಸರು ಕೇಳಿಬರಲಿ ಎಂಬುದೊಂದೇ ಗಿರೀಶನ ಆಸೆ. ಅದಕ್ಕೆ ಮೊದಲು ಹುಡುಗನ ಮನೆತನ ಹೇಗಿದೆ ಎಂದು ನೋಡಿಹೋಗಲು ಒಂದು ತಂಡ ಈ ಮನುಷ್ಯನನ್ನು ಅಟ್ಟಿತ್ತು.

ಮನೆತನ ನೋಡಲು ಬರುತ್ತಾರೆಂದರೆ ಧಾರವಾಡದವರಾದ ನಮಗೆ ಗೊತ್ತಿರುವುದು ಒಂದೇ ಶಾಸ್ತ್ರ. ಅಕ್ಕ ಬೆಳಿಗ್ಗೆಯೇ ಉಪ್ಪಿಟ್ಟು, ಶಿರಾ ಮಾಡಿಟ್ಟಳು. ಭಾವ ತೀರಿಕೊಂಡ ಮೇಲೆ ಆ ಮನೆಯ ಹಿರಿಯನೆಂಬ ಹುದ್ದೆ ನನ್ನ ಪಾಲಿಗೆ ಬಂದಿರುವುದರಿಂದ, ವಿಮಾನ ನಿಲ್ದಾಣದಲ್ಲಿ ಜನರ ಪೆಟ್ಟಿಗೆ ತೂಗುವ ಕೆಲಸಕ್ಕೆ ರಜೆ ಹಾಕಿ, ನಾನಿರುವ ಫೆಲ್ಥಮ್‌ನಿಂದ ಕೋಟು ತೊಟ್ಟು ಬಂದೆ. ಪರೀಕ್ಷಕನೂ ಹಿಂದೆ ಅದೇ ಆಟ ಆಡಿದವನಂತೆ. ಅವನು ಒಳಗೆ ಬಂದೊಡನೆ, ಕಸುಬಿನ ಚಟಕ್ಕೆ, ನೂರಾ ಮೂವತ್ತು ಕಿಲೋ ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿದೆ. ಅವನೂ ಗಿರೀಶನೂ ಒಂದೇ ಸೋಫಾದಲ್ಲಿ ಕೂತಾಗ ಸೌತ್‌ಹಾಲ್‌ನಿಂದ ತಂದ ಆ ಸೋಫಾ ನರಳಿತು.

ಮೊದಲು ಅವನು ಗಿರೀಶನನ್ನು ನಡೆಸಿ ನೋಡಿದ, ಬಗ್ಗಿಸಿ ನೋಡಿದ, ಅಂಗೈ ಅಗಲಿಸಿ ನೋಡಿದ. ಇದೆಲ್ಲ ನಮಗೆ ಹೊಸತಲ್ಲ. ಹಾಡಲು ಹೇಳಲಿಲ್ಲವಲ್ಲ ಎಂದಷ್ಟೇ ನನ್ನ ಸಮಾಧಾನ. ಆಮೇಲೆ ಪುಸ್ತಕ ತೆರೆದು, ಹುಡುಗನ ಸ್ವಭಾವ ಹೇಗೆ ಎಂದು ನಮ್ಮನ್ನು ಕೇಳಿದ. ನಾನು ಈ ಪ್ರಶ್ನೆಗಾಗಿಯೇ ಕಾದಿದ್ದೆ. ಹುಡುಗ ಬಂಗಾರ ಎಂದೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಹಿರಿಯರಿಗೆ ಎದುರು ಮಾತಾಡುವುದಿಲ್ಲ. ಅಕ್ಕನೂ ಸೇರಿಕೊಂಡಳು: ಜೇಡವನ್ನೂ ಕೊಲ್ಲದೆ ಲೋಟದಲ್ಲಿ ಹಿಡಿದು ಹಿತ್ತಲಿಗೆ ಬಿಟ್ಟುಬರುವ ಹುಡುಗ ಎಂದಳು. ಎದುರಾಳಿಯನ್ನು ಕೆಡವಿದ ಮೇಲೆ ಏನು ಮಾಡುತ್ತಾನೆ ಎಂದು ಅವನು ಕೇಳಿದಾಗ, ಕೈಹಿಡಿದು ಎಬ್ಬಿಸಿ ಸಾರಿ ಹೇಳುತ್ತಾನೆ, ಅಂಥ ಸಂಸ್ಕಾರ ಕೊಟ್ಟಿದ್ದೇವೆ ಎಂದು ನಾನು ಎದೆಯುಬ್ಬಿಸಿದೆ. ಗಿರೀಶ ಮುಖ ಮುಚ್ಚಿಕೊಂಡು, "ಮಾಮಾ, ಪ್ಲೀಸ್ ಸ್ಟಾಪ್," ಎಂದ. ವಿನಯ ನೋಡಿ ಎಂದು ಅದನ್ನೂ ಲೆಕ್ಕಕ್ಕೆ ಸೇರಿಸಿದೆ.

ಗೆಳೆಯರೇ, ಆಟದಲ್ಲಿ ಗಿರೀಶ ನಿಲ್ಲುವ ಜಾಗಕ್ಕೆ ಬೇಕಾದದ್ದು ಒಂದಿಷ್ಟು ದುಷ್ಟತನ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೆಡವಿದವನ ಮೇಲೆ ಇನ್ನೊಮ್ಮೆ ಬೀಳುವವನೇ ಅಲ್ಲಿ ಉತ್ತಮ ವರ. ಪರೀಕ್ಷಕ ಪುಸ್ತಕ ಮುಚ್ಚಿ, ಶಿರಾ ಚೆನ್ನಾಗಿತ್ತೆಂದು ಹೇಳಿ, ಹಿಂತಿರುಗಿ ಹೋಗಿ ತಿಳಿಸುತ್ತೇವೆ ಎಂದು ಎದ್ದ.

ಆ ಮಾತನ್ನು ಅಕ್ಕ ಧಾರವಾಡದಲ್ಲಿ ಹನ್ನೊಂದು ಸಲ ಕೇಳಿದ್ದಾಳೆ. ಹನ್ನೊಂದು ಮನೆಯವರು ಬಂದರು, ತಿಂದರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ಹುಡುಗಿ ಎತ್ತರವಾದಳು ಎಂದು ಬಾಯಿಬಿಟ್ಟು ಹೇಳುವ ಮರ್ಯಾದೆಯನ್ನು ಒಬ್ಬರೂ ತೋರಿಸಲಿಲ್ಲ. ಅಂಚೆಯವನ ದಾರಿ ಕಾಯುತ್ತಾ ಅವಳು ಕಳೆದ ಮಧ್ಯಾಹ್ನಗಳು ನನಗಿನ್ನೂ ನೆನಪಿವೆ, ನೆನೆದರೆ ಈಗಲೂ ಸಂಕಟವಾಗುತ್ತದೆ. ಅಕ್ಕ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ತಮ್ಮಾ, ಅವಗ ಹೇಳು. ಬೇಕಂದ್ರ ಬೇಕನ್ಲಿ, ಬ್ಯಾಡಂದ್ರ ಬ್ಯಾಡನ್ಲಿ. ನನ್ನ ಮಗನ್ನ ಕಾಯಾಕ ಹಚ್ಚಿ ಹೋಗೂದು ಬ್ಯಾಡ."

ನಾನು ತರ್ಜುಮೆಗೆ ಮಾತು ಹುಡುಕುವಷ್ಟರಲ್ಲಿ ಅವನು ಎಡಕ್ಕೆ ಸರಿದ, ಅಕ್ಕ ಎಡಕ್ಕೆ ಸರಿದಳು. ಬಲಕ್ಕೆ ಸರಿದ, ಅವಳೂ ಬಲಕ್ಕೆ. ಮೊಣಕಾಲು ತುಸು ಬಾಗಿಸಿ, ಕೈ ಮುಂದೆ ಚಾಚಿ, ಕಾಲಿಗೆ ಕಾಲು ತೊಡರದಂತೆ, ಅರವತ್ತು ದಾಟಿದ ನನ್ನ ಅಕ್ಕ ಒಬ್ಬ ಮಾಜಿ ಆಟಗಾರನನ್ನು ಹಜಾರದಲ್ಲೇ ಹಿಡಿದು ನಿಲ್ಲಿಸಿದ್ದಳು. ಅವನು ಅವಳ ಪಾದಗಳನ್ನೇ ನೋಡುತ್ತ ನಿಂತ. ಆಮೇಲೆ ಗಿರೀಶನಿಗೆ, ಇವರನ್ನು ಸರಿಸು ನೋಡೋಣ ಎಂದ. ಗಿರೀಶ ಅವಳ ಎರಡೂ ಭುಜ ಹಿಡಿದು ಮೆಲ್ಲಗೆ ಒತ್ತಿದ. ಅಕ್ಕ ಕದಲಲಿಲ್ಲ. "ಸಾರಿ, ಅಮ್ಮಾ," ಎಂದು ಕೈ ತೆಗೆದ.

ಆಗ ನಾನು ಅವಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಪರೀಕ್ಷಕ ಮತ್ತೆ ಕೂತು, ಅಕ್ಕನ ಮುಖ ನೋಡಿಯೇ ಹೇಳಿದ: ತೋಳು ಗಿಡ್ಡ, ಅದನ್ನು ಸಹಿಸಬಹುದು, ಸಿಟ್ಟಿಲ್ಲ, ಅದನ್ನು ಸಹಿಸಲಾಗದು. ಇವತ್ತಿನ ಮಟ್ಟಿಗೆ ಬೇಡ. ಇವರನ್ನು ಈ ಬಾಗಿಲಿನಿಂದ ಸರಿಸಿದ ದಿನ ಹುಡುಗ ನನಗೆ ಫೋನ್ ಮಾಡಲಿ.

"ಇಷ್ಟ ಹೇಳಾಕ ಇಷ್ಟೊತ್ತು ಬೇಕಾತೇನು?" ಎಂದು ಅಕ್ಕ ದಾರಿ ಬಿಟ್ಟಳು.

ಅಂದಿನಿಂದ ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಅಕ್ಕ ಸೆರಗು ಬಿಗಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು, ಗಿರೀಶ ನೂಕುತ್ತಿದ್ದ, ಸೋಲುತ್ತಿದ್ದ, ಕ್ಷಮೆ ಕೇಳುತ್ತಿದ್ದ. ಇಷ್ಟು ಒಳ್ಳೆಯವನನ್ನಾಗಿ ಬೆಳೆಸಲು ಇಪ್ಪತ್ತೆರಡು ವರ್ಷ ಹಿಡಿಯಿತು. ಈಗ ಅದನ್ನು ಕೆಡಿಸಲು ತಾಯಿಯೇ ಪಾಠ ಹೇಳಬೇಕಾಗಿತ್ತು. ಇದು ನಗುವ ವಿಷಯವೋ ಅಳುವ ವಿಷಯವೋ ನನಗೆ ತಿಳಿಯುತ್ತಿರಲಿಲ್ಲ.

ಕಳೆದ ಭಾನುವಾರ ನಾನು ಅಲ್ಲೇ ಇದ್ದೆ. ಗಿರೀಶ ತಲೆ ತಗ್ಗಿಸಿ ಬಂದ, ಅಕ್ಕನನ್ನು ಒಂದೇ ಏಟಿಗೆ ಹೊಸ್ತಿಲಾಚೆ ತಳ್ಳಿದ, ಸಾರಿ ಎನ್ನಲಿಲ್ಲ. ಅಕ್ಕ ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡಳು. ಮಗನ ಮುಖವನ್ನು, ಯಾರದೋ ಎಂಬಂತೆ, ಒಂದು ಗಳಿಗೆ ನೋಡಿದಳು. ಅವಳ ಕಣ್ಣು ತುಂಬಿತ್ತು.

"ತಮ್ಮಾ," ಎಂದಳು, "ಫೋನ್ ಹಚ್ಚು."