ಹಿಮದ ಗುಡ್ಡಕ್ಕೆ ರಾಗಿ ಕೇಳಲು ಹೊರಟವರು

ಜಾವಗಲ್ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಅಂಗಡಿ. ಪಹಣಿ, ಆಧಾರ್, ಪರೀಕ್ಷೆಯ ಅರ್ಜಿ, ಇಷ್ಟೇ ನನ್ನ ಪ್ರಪಂಚ. ಹೋದ ಕಾರ್ತಿಕದಲ್ಲಿ ನಂಜುಂಡಯ್ಯನವರು ಅಲ್ಲಿಗೆ ನುಗ್ಗಿ, "ಧರ್ಮೇಶ, ನಾರ್ವೆಗೆ ಹೋಗಾಕೆ ಏನೇನು ಬೇಕು ನೋಡು" ಅಂದರು. ಅರಸೀಕೆರೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವ ದನಿಯಲ್ಲೇ ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ನಂಜುಂಡಯ್ಯನವರಿಗೆ ಅರವತ್ತೆರಡು ವರ್ಷ. ನಾಲ್ಕೆಕರೆ ಹೊಲ, ಒಂದಿಷ್ಟು ತೆಂಗು. ಕೂತಲ್ಲಿ ಕೂರುವ ಆಸಾಮಿಯಲ್ಲ. ಟೀ ಕುಡಿಯುವುದೂ ನಿಂತುಕೊಂಡೇ, ಅದೂ ಅರ್ಧ ಲೋಟಕ್ಕೆ ಬೇರೆ ಕೆಲಸ ನೆನಪಾಗಿ ಹೊರಟುಬಿಡುತ್ತಾರೆ. ಅವರ ಈ ಹೊಸ ಹುಚ್ಚಿಗೆ ಕಾರಣ ಅವರ ಮಗಳು ಹೇಮಾಶ್ರೀ. ಬೇಲೂರಿನಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿರುವ ಆಕೆಗೆ ಹಳೆಯ ನಾಟಿ ತಳಿಗಳ ಪಟ್ಟಿಯೊಂದು ಸಿಕ್ಕಿತ್ತು. ಅದರಲ್ಲಿ ತನ್ನೂರಿನ ಹೆಸರು, ಅದರ ಮುಂದೆ 'ಕರಿಕಡ್ಡಿ ರಾಗಿ, ಕೊಟ್ಟವರು ಗಿಡ್ಡಮ್ಮ' ಎಂದಿತ್ತು. ಗಿಡ್ಡಮ್ಮ ಆಕೆಯ ಅಜ್ಜಿ, ನಂಜುಂಡಯ್ಯನವರ ತಾಯಿ. ನಲವತ್ತು ವರ್ಷದ ಹಿಂದೆ ಜೀಪಿನಲ್ಲಿ ಬಂದಿದ್ದ ವಿಜ್ಞಾನಿಗಳು ಅವರಿಂದ ಒಂದು ಪಾವು ರಾಗಿ ಕೇಳಿ ಒಯ್ದಿದ್ದರಂತೆ.

ಹೇಮಾಶ್ರೀ ಅಲ್ಲಿ ಇಲ್ಲಿ ಪತ್ರ ಬರೆದಳು. ಇಲ್ಲಿನ ಸಂಗ್ರಹದಲ್ಲಿ ಉಳಿದಿದ್ದ ಬೀಜ ಮೊಳೆಯುವ ಶಕ್ತಿ ಕಳೆದುಕೊಂಡಿದೆ, ಅದರ ಒಂದು ಪಾಲು ಮಾತ್ರ ಉತ್ತರ ಧ್ರುವದ ಹತ್ತಿರ, ನಾರ್ವೆಯ ಸ್ವಾಲ್ಬಾರ್ಡ್ ಎಂಬ ದ್ವೀಪದಲ್ಲಿ, ಲೋಕದ ಬೀಜಗಳನ್ನೆಲ್ಲ ಕಾಪಿಡಲು ಹಿಮದ ಗುಡ್ಡದೊಳಗೆ ಕೊರೆದ ಉಗ್ರಾಣದಲ್ಲಿ ಭದ್ರವಾಗಿದೆ ಎಂದು ಉತ್ತರ ಬಂತು. ಅದನ್ನು ತರಿಸಲು ಎಷ್ಟು ವರ್ಷವಾಗುತ್ತದೋ ಹೇಳಲಾಗದು ಎಂದೂ ಇತ್ತು.

"ಅವ್ವನಿಗೆ ಎಂಬತ್ನಾಕು ಕಣೋ. ನಾನೇ ಹೋಗಿ ಕೇಳ್ತೀನಿ" ಅಂದರು ನಂಜುಂಡಯ್ಯ.

ಆ ಗುಡ್ಡದೊಳಗೆ ಹೊರಗಿನವರನ್ನು ಬಿಡುವುದಿಲ್ಲ ಎಂದು ಮೊಬೈಲಿನಲ್ಲಿ ತೋರಿಸಿದೆ. "ಬಾಗಿಲಲ್ಲಿ ನಿಂತ್ಕಂಡು ಕೇಳಿದ್ರೆ ಆಯ್ತು. ಅವ್ರೂ ಮನುಷ್ಯರೇ ಅಲ್ವಾ?" ಊರಾಚೆ ಹಿಮಕರಡಿ ಓಡಾಡುತ್ತವೆ, ಬಂದೂಕಿಲ್ಲದೆ ಕಾಲಿಡುವ ಹಾಗಿಲ್ಲ ಎಂದೆ. "ಕರಡಿ ನಮ್ಮ ಅರಸೀಕೆರೆ ಗುಡ್ಡದಾಗೂ ಐತೆ, ಬಿಡು." ಇಂಥವರ ಜೊತೆ ಏನು ವಾದ ಮಾಡುವುದು? ಎರಡು ವರ್ಷದ ಕೊಬ್ಬರಿ ದುಡ್ಡನ್ನು ಇದಕ್ಕೇ ಎಂದು ಎತ್ತಿಟ್ಟಾಗಿತ್ತು.

ಅಲ್ಲಿಂದ ಮೂರು ತಿಂಗಳು ನನ್ನ ಪ್ರಾಣ ತಿಂದರು. ಬಾಗಿಲು ತೆಗೆಯುವ ಮೊದಲೇ ಅಂಗಡಿ ಮೆಟ್ಟಿಲ ಮೇಲಿರುತ್ತಿದ್ದರು. ಪಾಸ್‌ಪೋರ್ಟಿಗೆ ಪೊಲೀಸರು ವಿಚಾರಣೆಗೆ ಬರುತ್ತಾರೆ ಎಂದರೆ ಕಾಯಲಾಗದೆ ತಾವೇ ಸ್ಟೇಷನ್ನಿಗೆ ಹೋಗಿ ನಿಂತರು. ಹಗರೆಯಲ್ಲಿ ಯಾರದೋ ಹತ್ತಿರ ಒಳ್ಳೆಯ ಉಣ್ಣೆಯ ಕೋಟಿದೆ ಎಂದು ಕೇಳಿ ಬಸ್ಸು ಹತ್ತಿದರು, ಅದು ತೋಳಿಗೆ ಗಿಡ್ಡವಾಯಿತೆಂದು ಬೈದುಕೊಂಡು ಬಂದರು. ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ 'ಪ್ರವಾಸ' ಎಂದು ತುಂಬಿದ್ದಕ್ಕೆ ನನಗೂ ಬೈಗುಳ. 'ಅವ್ವನ ರಾಗಿ ಕೇಳಲು' ಎಂದೇ ಬರೆಯಬೇಕಂತೆ.

ಒಂದು ದಿನ ನನಗೂ ಸಿಟ್ಟು ಬಂತು. "ನಂಜುಂಡಣ್ಣ, ಸೊಸೈಟೀಲಿ ಮೂಟೆಗಟ್ಟಲೆ ರಾಗಿ ಬಿದ್ದೈತೆ. ಒಂದು ಹಿಡಿಗೋಸ್ಕರ ಭೂಮಿ ತುದಿಗೆ ಹೋಗ್ಬೇಕಾ?"

ಅವತ್ತು ಅವರು ಕೂತರು. ಮದುವೆಯಾದ ವರ್ಷ, ಹೊಸ ತಳಿಯ ರಾಗಿ ಹೆಚ್ಚು ಇಳುವರಿ ಕೊಡುತ್ತದೆಂಬ ಹುಮ್ಮಸ್ಸಿನಲ್ಲಿ, ಅವ್ವ ತೆನೆ ಆರಿಸಿ ಬೂದಿ ಬೆರೆಸಿಟ್ಟಿದ್ದ ಬೀಜವನ್ನೆಲ್ಲ ತೂರಿಸಿ, ತೊಳೆದು, ಒಣಗಿಸಿ, ಮಿಲ್ಲಿಗೆ ಹಾಕಿಸಿದ್ದು ತಾವೇ ಎಂದರು. ಗಿಡ್ಡಮ್ಮ ಬೈಯಲಿಲ್ಲ, ಅಳಲಿಲ್ಲ. ಅಲ್ಲಿಂದೀಚೆಗೆ ಹೊಲದ ವಿಚಾರವಾಗಿ ಮಗನಿಗೆ ಒಂದು ಮಾತೂ ಹೇಳಲಿಲ್ಲ. "ಮೂವತ್ತೈದು ವರ್ಸ ಆಯ್ತು. ಒಂದು ಹಿಡಿ ತಂದು ಅವ್ವನ ಕೈಗೆ ಹಾಕ್ಬೇಕು. ಇಲ್ದಿದ್ರೆ ನಂಗೆ ನೆಮ್ಮದಿ ಇಲ್ಲ" ಅಂದರು.

ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗುವ ದಿನ ಗೊತ್ತಾಯಿತು. ಅದರ ಕಾಗದ ಕೊಡಲು ನಾನೇ ಅವರ ಮನೆಗೆ ಹೋದೆ. ಗಿಡ್ಡಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಂಜುಂಡಯ್ಯ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಾ ಚೀಲಕ್ಕೆ ಏನೇನು ಹಾಕಬೇಕೆಂದು ಎಣಿಸುತ್ತಿದ್ದರು.

"ಆ ಊರು ಎಷ್ಟು ದೂರ ಐತಪ್ಪಾ?" ಗಿಡ್ಡಮ್ಮ ನನ್ನನ್ನು ಕೇಳಿದರು. ಮೂರು ವಿಮಾನ ಬದಲಾಯಿಸಬೇಕು, ಅಲ್ಲಿಂದಾಚೆ ಬರೀ ಮಂಜುಗಡ್ಡೆ ಎಂದೆ. ಮುದುಕಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ನಂಜುಂಡ, ಹೋಗ್ಬ್ಯಾಡ ಕಣಪ್ಪ. ಅಲ್ಲಿರಾದು ನಮ್ದಲ್ಲ."

ನಂಜುಂಡಯ್ಯ ನಿಂತರು.

"ಜೀಪಿನೋರು ಬಂದಿದ್ದು ಶುಕ್ರವಾರ. ಶುಕ್ರವಾರ ಮನೆಯಿಂದ ಕಾಳು ಆಚೆಗೆ ಕೊಟ್ಟಾರಾ? ಬಂದೋರನ್ನ ಬರಿಗೈಲಿ ಕಳಿಸಾದೂ ಸರಿಯಲ್ಲ. ಊಟದ ರಾಗಿ ತೀರಿತ್ತು ಅಂತ ಹಿಂದಿನ ದಿನ ಪಕ್ಕದ ಲಕ್ಕಮ್ಮನ ಮನೆಯಿಂದ ಕಡ ತಂದಿದ್ದೆ. ಇನ್ನೂ ಒಳಗೆ ತಂದಿರ್ಲಿಲ್ಲ, ಜಗಲಿ ಮೇಲೇ ಇತ್ತು. ಅದ್ರಾಗೆ ಒಂದು ಪಾವು ಅಳೆದು ಕೊಟ್ಟೆ. ಹೆಸರು ಕೇಳುದ್ರು, ನಮ್ದರ ಹೆಸರು ಹೇಳಿಬಿಟ್ಟೆ."

"ಲಕ್ಕಮ್ಮತ್ತೇದು ಯಾವ ರಾಗಿ?"

"ಸೊಸೈಟಿ ರಾಗಿ."

"ನಮ್ದು?"

"ನಮ್ದನ್ನ ನಾನು ಯಾರಿಗೂ ಕೊಡ್ಲಿಲ್ಲ."

ನಂಜುಂಡಯ್ಯ ಜಗಲಿಯ ತುದಿಯಲ್ಲಿ ಕುಸಿದು ಕೂತರು. ಮುಖ ಸಿಟ್ಟಿನಿಂದಲೋ ಅಳುವಿನಿಂದಲೋ ಕೆಂಪಾಗಿತ್ತು. "ಮೂರು ತಿಂಗಳಿಂದ ನೋಡ್ತಿದ್ದೀಯಲ್ಲವ್ವ, ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ?"

ಗಿಡ್ಡಮ್ಮ ಕೆಳಗಿಟ್ಟಿದ್ದ ಕಾಯಿ ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಮಗನ ಕಡೆಗೆ ನೋಡದೆ ಹೇಳಿದರು:

"ನನ್ ರಾಗಿಗೆ ಅಂತ ನೀನು ಅಷ್ಟು ಓಡಾಡ್ತಿದ್ಯಲ್ಲ. ಇನ್ನೊಂದೆರಡು ದಿನ ನೋಡಾಣ ಅನ್ನಿಸ್ತು ಕಣಪ್ಪ."